ಬಲಮುರಿ, ಎಡಮುರಿ: ಕಬ್ಬಿನ ಹಾಲಿನಿಂದ ರಕ್ತದ ಡಿ-ಲ್ಯಾಕ್ಟೇಟ್‌ವರೆಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಬಂತೆಂದರೆ ಕಾರ್ಖಾನೆಗಳ ಪೋಲಾರಿಮೀಟರಿಗೆ ಬಿಡುವಿಲ್ಲ. ಸುಕ್ರೋಸ್ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಆ ತಿರುವಿನ ಅಳತೆಯೇ 'ಪೋಲ್'. ಆದರೆ ಕಡಿದ ಕಬ್ಬು ಬಿಸಿಲಲ್ಲಿ ನಿಂತರೆ ಲ್ಯೂಕನೊಸ್ಟಾಕ್ ಬ್ಯಾಕ್ಟೀರಿಯಾ ಸುಕ್ರೋಸ್ ತಿಂದು ಡೆಕ್ಸ್ಟ್ರಾನ್ ಕಟ್ಟುತ್ತದೆ. ಇದರ ತಿರುವು ಸುಕ್ರೋಸಿನ ಸುಮಾರು ಮೂರು ಪಟ್ಟು. ಹೀಗಾಗಿ ಸಕ್ಕರೆ ಕರಗಿದ್ದರೂ ಪೋಲ್ ಏರಿ ತೋರಬಹುದು. ಇದೇ ಬ್ಯಾಕ್ಟೀರಿಯಾ ಡಿ-ಲ್ಯಾಕ್ಟಿಕ್ ಆಮ್ಲವನ್ನೂ ಬಿಡುತ್ತದೆ.

ಅದೇ ಆಮ್ಲವನ್ನು ಹಿಡಿದು ಆಸ್ಪತ್ರೆಗೆ ಬರೋಣ. ಲ್ಯಾಕ್ಟಿಕ್ ಆಮ್ಲಕ್ಕೆ ಒಂದಕ್ಕೊಂದು ಕನ್ನಡಿ ಬಿಂಬದಂಥ ಎರಡು ರೂಪ (ಡಿ ಮತ್ತು ಎಲ್) ಎಂಬುದು 1873ರ, ರಸಾಯನಶಾಸ್ತ್ರಜ್ಞ ವಿಸ್ಲಿಸೆನಸ್ ಕಾಲದಿಂದ ಗೊತ್ತು. ಸ್ನಾಯು ಎಲ್-ರೂಪ ತಯಾರಿಸುತ್ತದೆ. ವಾಡಿಕೆಯ ಪರೀಕ್ಷೆಯ ಕಿಣ್ವವೂ ಅದನ್ನಷ್ಟೇ ಗುರುತಿಸುತ್ತದೆ. ಸಣ್ಣಕರುಳು ಮೊಟಕಾದ ರೋಗಿಯಲ್ಲಿ ಡಿ-ಲ್ಯಾಕ್ಟಿಕ್ ಆಮ್ಲೀಯತೆ ವರದಿಯಾದದ್ದು 1979ರಲ್ಲಿ. ಇಷ್ಟಕ್ಕೆ ತಕರಾರಿಲ್ಲ.

ತಕರಾರು ಇರುವುದು 'ಡಿ ಕಂಡರೆ ಬ್ಯಾಕ್ಟೀರಿಯಾದ್ದೇ' ಎಂಬ ಹಳೆಯ ಊಹೆಯ ಬಗ್ಗೆ. ಲಿಪಿಡ್‌ಗಳಲ್ಲಿ ಇಂಥ ತರ್ಕ ಬಹುಮಟ್ಟಿಗೆ ಸಲ್ಲುತ್ತದೆ: ಪ್ಲೇಟ್‌ಲೆಟ್ಟಿನ ಲಿಪಾಕ್ಸಿಜನೇಸ್ ಹುಟ್ಟಿಸುವ 12-ಹೀಟಿ (12-HETE) ಎಂಬ ಲಿಪಿಡ್ ಎಸ್-ರೂಪದ್ದು, ಗಾಳಿಗೆ ತಾನಾಗಿ ಉತ್ಕರ್ಷಣಗೊಂಡದ್ದು ಎಸ್ ಮತ್ತು ಅದರ ಕನ್ನಡಿ ಬಿಂಬವಾದ ಆರ್‌ಗಳ ಸಮಪಾಲು. ಲ್ಯಾಕ್ಟೇಟಿಗೆ ಮಾತ್ರ ಅದೇ ತಕ್ಕಡಿ ಹಿಡಿಯಲಾಗದು. ಗ್ಲೂಕೋಸ್ ವಿಭಜನೆಯ ಹಾದಿಯಲ್ಲಿ ಮಿಥೈಲ್‌ಗ್ಲೈಆಕ್ಸಾಲ್ ಹುಟ್ಟುತ್ತದೆ; ನಮ್ಮದೇ ಜೀವಕೋಶಗಳ ಗ್ಲೈಆಕ್ಸಲೇಸ್ ಕಿಣ್ವಗಳು ಅದನ್ನು ಡಿ-ಲ್ಯಾಕ್ಟೇಟ್ ಮಾಡಿ ವಿಷ ಇಳಿಸುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಈ ದಾರಿಯ ಓಡಾಟ ಹೆಚ್ಚು. ಹಾಗಾದರೆ ಕಿಣ್ವವೂ ಬ್ಯಾಕ್ಟೀರಿಯಾವೂ ಒಂದೇ ಮುರಿಯ ಅಣುವನ್ನು ತಯಾರಿಸುವಾಗ ಮುರಿ ನೋಡಿ ಮೂಲ ಹೇಳಲಾಗುವುದಿಲ್ಲ ಎಂಬುದು ನನ್ನ ವಾದ.

ವಾದವನ್ನು ಹಿಗ್ಗಿಸಬಾರದು. ದೇಹದ ಸ್ವಂತ ಡಿ-ಲ್ಯಾಕ್ಟೇಟ್ ಸಾಮಾನ್ಯವಾಗಿ ಮೈಕ್ರೋಮೋಲಾರ್ ಮಟ್ಟದ್ದು. ಆಮ್ಲೀಯತೆ ಎನ್ನಲು ಬಳಕೆಯ ಗಡಿ ಲೀಟರಿಗೆ 3 ಮಿಲಿಮೋಲ್. ಅಷ್ಟು ಸಿಕ್ಕರೆ ಕರುಳನ್ನೇ ಶಂಕಿಸುವುದು ಸರಿ. ನನ್ನ ಮಾತು ಅದಕ್ಕಿಂತ ಕೆಳಗಿನ, ಕನ್ನಡಿ ರೂಪಗಳನ್ನು ಬೇರ್ಪಡಿಸುವ ಕೈರಲ್ ಕಾಲಮ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರಿನಂಥ ಸೂಕ್ಷ್ಮ ವಿಧಾನಗಳು ಬಿಡಿಸಬಲ್ಲ ಸಣ್ಣ ಏರಿಳಿತಗಳಿಗೆ, ಅದರಲ್ಲೂ ಮಧುಮೇಹಿಗಳ ರಕ್ತಕ್ಕೆ ಸೀಮಿತ.

ಇನ್ನೊಂದು ತೊಡಕು, ನಿಂತ ಕಬ್ಬಿನದೇ ತೊಡಕು. ಕೊಳವೆಯಲ್ಲಿ ನಿಂತ ರಕ್ತದಲ್ಲಿ ಕೆಂಪುಕಣ ಸುಮ್ಮನಿರುವುದಿಲ್ಲ. ಗ್ಲೂಕೋಸ್ ಕರಗಿಸುತ್ತ ಎಲ್-ಲ್ಯಾಕ್ಟೇಟ್ ಹೆಚ್ಚಿಸುತ್ತದೆ. ಗ್ಲೈಆಕ್ಸಲೇಸ್ ಅದರಲ್ಲೂ ಇದೆ. ಬೀಳಗಿಯಲ್ಲಿ ತೆಗೆದ ಮಾದರಿ ದೂರದ ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ಕಂಡ ಡಿ-ಲ್ಯಾಕ್ಟೇಟಿನಲ್ಲಿ ರೋಗಿಯದೆಷ್ಟು, ಕೊಳವೆಯದೆಷ್ಟು? ಪ್ಲಾಸ್ಮಾವನ್ನು ಕೂಡಲೇ ಬೇರ್ಪಡಿಸಿದ ಮತ್ತು ಬೇರ್ಪಡಿಸದ ಜೋಡಿ ಮಾದರಿಗಳನ್ನು ಅಕ್ಕಪಕ್ಕ ಅಳೆಯುವವರೆಗೆ ಈ ಪ್ರಶ್ನೆ ತೆರೆದೇ ಇರುತ್ತದೆ.