ಒಂದೇ ಅಪರಾಧ, ಎರಡು ಸೆರೆವಾಸ

ಇಂಗ್ಲಿಷರು ನಮಗೆ ಬಿಟ್ಟುಹೋದ ದೊಡ್ಡ ಆಸ್ತಿಯೆಂದರೆ ‘ಕಾನೂನಿನ ಮುಂದೆ ಎಲ್ಲರೂ ಸಮಾನರು’ ಎಂಬ ತತ್ತ್ವ ಎಂದು ಹೇಳುವ ಹಿರಿಯರು ಮಡಿಕೇರಿಯಲ್ಲಿ ಇಂದಿಗೂ ಸಿಕ್ಕುತ್ತಾರೆ. ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕು. ತತ್ತ್ವ ಹಾಗಿರಲಿ, ಸೆರೆವಾಸದ ವರ್ಷಗಳನ್ನೇ ಲೆಕ್ಕ ಹಾಕೋಣ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕಂಪೆನಿಯವರು ಕೊಡಗನ್ನು ವಶಪಡಿಸಿಕೊಂಡರು. 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಅದು ದಂಗೆಯ ಕಾಲ; ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹೇಳುವುದು ಶಾಂತಿಕಾಲದ, ಅಚ್ಚಾದ ಕಾಯಿದೆಯ ವಿಚಾರ.

1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯ ಬಳಿ ಕಾಫಿ ತೋಟ ಹಾಕಿದ. ಅವನ ಹಿಂದೆ ಬಿಳಿಯ ತೋಟಗಾರರು ಸಾಲುಗಟ್ಟಿ ಬಂದರು. ಮರುವರ್ಷವೇ, 1855ರಲ್ಲಿ, ಹಿಂದುಸ್ಥಾನಕ್ಕೆಲ್ಲ ಅನ್ವಯಿಸುವ ಒಂದು ಕಾಯಿದೆ ಹೊರಟಿತು. ಐರೋಪ್ಯ, ಅಮೆರಿಕನ್ ಅಪರಾಧಿಗಳನ್ನು ಕರಿನೀರಿಗೆ ಕಳಿಸಕೂಡದು. ಅವರ ಆರೋಗ್ಯಕ್ಕೆ ಒಗ್ಗುವ ಜಾಗವಿಲ್ಲ! ಬದಲಿಗೆ ಅವರಿಗೆ ‘ಪೀನಲ್ ಸರ್ವಿಟ್ಯೂಡ್’ ಎಂಬ ದುಡಿತದ ಸೆರೆವಾಸ. ಇದರ ಲೆಕ್ಕ ಇಂಗ್ಲೆಂಡಿನ 1853ರ ಕಾಯಿದೆಯ ಮಾದರಿಯದು: ಏಳು ವರ್ಷದ ಕರಿನೀರಿಗೆ ಬದಲು ನಾಲ್ಕು ವರ್ಷ. ಇಂಗ್ಲೆಂಡಿನಲ್ಲಿ 1857ರಲ್ಲಿ ಎರಡು ಶಿಕ್ಷೆಗಳ ಅವಧಿಯನ್ನೂ ಸರಿಸಮ ಮಾಡಿದರು. ಇಲ್ಲಿ ಮಾತ್ರ 1862ರಿಂದ ಜಾರಿಗೆ ಬಂದ ದಂಡಸಂಹಿತೆ ತನ್ನ 56ನೆಯ ಸೆಕ್ಷನ್ನಿನಲ್ಲಿ ಆ ಬಿಳಿಯರ ಕಾಯಿದೆಯನ್ನು ಎತ್ತಿಹಿಡಿಯಿತು. ಕೋಪದಲ್ಲಿದ್ದ ಯಾವನೋ ನ್ಯಾಯಾಧೀಶ ಮಾಡಿದ ಅನ್ಯಾಯವಲ್ಲ ಇದು; ನ್ಯಾಯಾಧೀಶ ಎಷ್ಟೇ ಧರ್ಮಿಷ್ಠನಾದರೂ ಅವನ ಕೈಗೆ ಕೊಟ್ಟ ಅಳತೆಗೋಲೇ ಎರಡು.

ಚಿಕ್ಕ ಅಪರಾಧಗಳಲ್ಲೂ ಇದೇ ಕಥೆ. 1872ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಪ್ರಕಾರ ಬಿಳಿಯನನ್ನು ವಿಚಾರಿಸುವ ಮ್ಯಾಜಿಸ್ಟ್ರೇಟನೂ ಬಿಳಿಯನೇ ಆಗಬೇಕು. ಅವನು ಕೊಡಬಹುದಾದ ಸಜೆ ಹೆಚ್ಚೆಂದರೆ ಮೂರು ತಿಂಗಳು; ಸೆಷನ್ಸ್ ಜಡ್ಜಿ ಕೊಡಬಹುದಾದದ್ದು ಒಂದು ವರ್ಷ. ದೇಶೀಯನಿಗಾದರೆ ಮೊದಲ ದರ್ಜೆಯ ಮ್ಯಾಜಿಸ್ಟ್ರೇಟನೇ ಎರಡು ವರ್ಷ ಹಾಕಬಹುದಾಗಿತ್ತು. ಕೂಲಿಯ ಮೂಳೆ ಮುರಿಯುವಂತೆ ಬಡಿದರೆ ದಂಡಸಂಹಿತೆಯಲ್ಲಿ ಏಳು ವರ್ಷದವರೆಗೆ ಸಜೆಯುಂಟು. ಆದರೆ ಬಡಿದವನು ದೊರೆಯಾಗಿದ್ದರೆ ವರ್ಷಕ್ಕೆ ಮೀರಿದ ಶಿಕ್ಷೆಗೆ ಮೊಕದ್ದಮೆ ಕೊಡಗು ಬಿಟ್ಟು ಹೊರಗಿನ ಹೈಕೋರ್ಟಿಗೆ ಹೋಗಬೇಕು. ತೋಟದ ಲಯನ್ನಿನಲ್ಲಿರುವ ಸಾಕ್ಷಿ ಅಲ್ಲಿಯವರೆಗೆ ಹೋಗುವುದೆಂದರೇನು, ಓದುಗರೇ ಊಹಿಸಿಕೊಳ್ಳಲಿ.

1861ರಲ್ಲಿ ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಅದನ್ನು ನಾವು ಹೆಮ್ಮೆಯಿಂದ ನೆನೆಯುವುದು ಸರಿಯೇ. ಆದರೆ ಕೋವಿ ಕೊಟ್ಟು ನಂಬಿದ ಸರ್ಕಾರಕ್ಕೂ ಕಟಕಟೆಯಲ್ಲಿ ನಿಂತ ಕೊಡವ ಬರಿಯ ‘ದೇಶೀಯ’ನೇ ಆಗಿದ್ದ.

ಕೂಲಿಯ ಪಾಡಂತೂ ಕೇಳುವುದೇ ಬೇಡ. 1859ರ ಕಾಯಿದೆಯಂತೆ ಮುಂಗಡ ಹಣ ಪಡೆದ ಆಳು ಕೆಲಸಕ್ಕೆ ಬಾರದೆ, ಕೋರ್ಟಿನ ಆಜ್ಞೆಗೂ ತಪ್ಪಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೂಲಿ ಕೊಡದೆ ಮಾತಿಗೆ ತಪ್ಪಿದ ಧಣಿಗೆ ಅದರಲ್ಲಿ ಸಜೆಯಿಲ್ಲ. ಬಿಳಿಯ ಮ್ಯಾಜಿಸ್ಟ್ರೇಟನು ಆಳನ್ನು ಬಡಿದ ದೊರೆಗೆ ವಿಧಿಸಬಹುದಾಗಿದ್ದ ಹೆಚ್ಚಿನ ಸಜೆಯೂ, ಸಾಲ ತೀರಿಸದ ಆಳಿನ ಸಜೆಯೂ ಹೀಗೆ ಒಂದೇ ಆಯಿತು! 1925ರಲ್ಲಿ ಆ ಕಾಯಿದೆಯನ್ನು ರದ್ದುಮಾಡುವ ತೀರ್ಮಾನವಾದರೆ, ಕೊಡಗಿನಲ್ಲಿ 1926ರಲ್ಲಿ ಅದೇ ಜಾತಿಯ ಲೇಬರ್ ಕಾಯಿದೆಯೊಂದನ್ನು ತಂದು 1931ರವರೆಗೆ ನಡೆಸಿದರು. ತೋಟಗಾರರ ಕೈ ಇಲ್ಲಿ ಎಷ್ಟು ಉದ್ದವಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1883ರ ಇಲ್ಬರ್ಟ್ ಮಸೂದೆ ಹಿಂದೂದೇಶದ ನ್ಯಾಯಾಧಿಕಾರಿಗಳೂ ಬಿಳಿಯರನ್ನು ವಿಚಾರಿಸಲಿ ಎಂದಿತು, ಅಷ್ಟೆ. ಅದಕ್ಕೇ ದೊರೆಗಳು ದೇಶವಿಡೀ ಬೊಬ್ಬೆಹೊಡೆದರು. 1884ರಲ್ಲಿ ಅದು ಕಾಯಿದೆಯಾದಾಗ, ಅರ್ಧಕ್ಕೆ ಕಡಮೆಯಿಲ್ಲದಂತೆ ತಮ್ಮವರೇ ಇರುವ ಜೂರಿಯನ್ನು ಕೇಳುವ ಹಕ್ಕು ಬಿಳಿಯರಿಗೆ ದೊರೆಯಿತು. ಅವರಿಗೆ ಜಿಲ್ಲಾ ಮ್ಯಾಜಿಸ್ಟ್ರೇಟ್ ವಿಧಿಸಬಹುದಾದ ಸಜೆ ಆರು ತಿಂಗಳಿಗೆ ನಿಂತಿತು. 1923ರ ತಿದ್ದುಪಡಿ ಈ ಭೇದಗಳನ್ನು ಬಹುಮಟ್ಟಿಗೆ ಸಡಿಲಿಸಿತಾದರೂ 56ನೆಯ ಸೆಕ್ಷನ್ ಅಲುಗಲಿಲ್ಲ. ಸ್ವಾತಂತ್ರ್ಯ ಬಂದಾಗಲೂ ಅದು ನಮ್ಮ ದಂಡಸಂಹಿತೆಯ ಪುಟದಲ್ಲಿತ್ತು. ಕೊನೆಗೆ 1949ರ 17ನೆಯ ಕಾಯಿದೆ ಅದನ್ನು ಕಿತ್ತುಹಾಕಿತು.