ಚಾವಣಿಯ ಹಿಂದಿನ ಕಾಗದಗಳು

ರೋಮ್ ನಗರದ ಫರ್ನೇಸೆ ಅರಮನೆಯ ಚಾವಣಿಯ ಚಿತ್ರಗಳನ್ನು ಹೊಗಳಿ ಬರೆದವರು ಬಹಳ ಮಂದಿ. ನನ್ನ ಮನಸ್ಸು ನಿಲ್ಲುವುದು ಮಾತ್ರ ಅವುಗಳ ಕರಡುಗಳ ಮೇಲೆ.

ಅವನ್ನು ಬರೆದ ಅನ್ನಿಬಾಲೆ ಕರಾಚ್ಚಿ ಬೊಲೋನ್ಯಾ ಊರಿನ ದರ್ಜಿಯ ಮಗ. ಹುಟ್ಟಿದ್ದು 1560ರಲ್ಲಿ. ಅಣ್ಣ ಅಗೊಸ್ತಿನೊ ಮತ್ತು ದಾಯಾದಿ ಲುಡೊವಿಕೊ ಜೊತೆ ಸೇರಿ ಊರಿನಲ್ಲೇ ಒಂದು ಚಿತ್ರಶಾಲೆ ನಡೆಸುತ್ತಿದ್ದ. ಜೀವಂತ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಬರೆಯುವುದು ಅಲ್ಲಿನ ಮುಖ್ಯ ಪಾಠ. ಕಾರ್ಡಿನಲ್ ಒಡೊವಾರ್ಡೊ ಫರ್ನೇಸೆಯ ಆಶ್ರಯದಲ್ಲಿ 1595ರಲ್ಲಿ ಅವನು ರೋಮಿಗೆ ಬಂದ. ಎರಡು ವರ್ಷದ ಮೇಲೆ ಅರಮನೆಯ ಉದ್ದನೆಯ ಹಜಾರದ ಕೆಲಸ ಅವನ ಪಾಲಿಗೆ ಬಂತು. ವಸ್ತು, ದೇವತೆಗಳ ಪ್ರಣಯ. ಪಾದ್ರಿಯ ಮನೆಯಲ್ಲಿ ಇದೇನು ಎಂದು ಹುಬ್ಬೇರಿಸಬೇಡಿ. ಆ ಕಾಲದ ದೊಡ್ಡಮನೆಗಳಲ್ಲಿ ಗ್ರೀಕ್ ಪುರಾಣ ವಿದ್ಯಾವಂತಿಕೆಯ ಗುರುತಾಗಿತ್ತು.

ನಡುಮಧ್ಯೆ ಇರುವುದು ಅರಿಯಾಡ್ನಿಯ ದಿಬ್ಬಣ. ಈಕೆ ಕ್ರೀಟ್ ದ್ವೀಪದ ರಾಜಕುಮಾರಿ. ನೂಲಿನ ಉಂಡೆ ಕೊಟ್ಟು ಥೀಸಿಯಸ್‌ನನ್ನು ಚಕ್ರವ್ಯೂಹದಂಥ ಕಟ್ಟಡದಿಂದ ಬದುಕಿಸಿ ತಂದವಳು. ಅವನೋ, ನಾಕ್ಸೋಸ್ ದ್ವೀಪದಲ್ಲಿ ಅವಳು ಮಲಗಿದ್ದಾಗ ಬಿಟ್ಟು ಹಡಗು ಹತ್ತಿದ. ಕೈಹಿಡಿದದ್ದು ಮದ್ಯದ ದೇವತೆ ಬಾಕಸ್. ಚಾವಣಿಯಲ್ಲಿ ಅವನ ಬಂಗಾರದ ರಥವನ್ನು ಹುಲಿಗಳೂ ಅವಳ ಬೆಳ್ಳಿಯ ರಥವನ್ನು ಆಡುಗಳೂ ಎಳೆಯುತ್ತವೆ. ಮುಂದೆ ಕತ್ತೆಯ ಮೇಲೆ ಕುಡಿದು ವಾಲಿದ ಮುದುಕ ಸಿಲೇನಸ್.

ಇದೆಲ್ಲ ಹಸಿ ಗಾರೆಯ ಮೇಲೆ ಬರೆಯುವ ಚಿತ್ರ. ಆ ದಿನಕ್ಕೆ ಬೇಕಾದಷ್ಟೇ ಗಾರೆ ಬಳಿದು, ಒಣಗುವುದರೊಳಗೆ ಬಣ್ಣ ಮುಗಿಸಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆ ಬಳಿಯಬೇಕು. ಆದ್ದರಿಂದ ತಿದ್ದುವುದೆಲ್ಲ ಮೊದಲೇ ಕಾಗದದ ಮೇಲೆ. ಇಡೀ ದಿಬ್ಬಣವನ್ನು ಜೋಡಿಸಿ ನೋಡಿದ ಹಾಳೆಯೊಂದು ವಿಯೆನ್ನಾದ ಆಲ್ಬರ್ಟಿನಾದಲ್ಲಿದೆ. ಬಿಡಿಬಿಡಿ ಆಕೃತಿಗಳ ಹಾಳೆಗಳು ಪ್ಯಾರಿಸ್ಸಿನ ಲೂವ್ರ್, ಇಂಗ್ಲೆಂಡಿನ ವಿಂಡ್ಸರ್ ಸಂಗ್ರಹಗಳಲ್ಲಿ ಉಳಿದಿವೆ. ನೀಲಿ ಛಾಯೆಯ ಕಾಗದ, ಕಪ್ಪು ಸೀಮೆಸುಣ್ಣ, ಬೆಳಕು ಬೀಳುವಲ್ಲಿ ಬಿಳಿಯ ಗೆರೆ, ಅಷ್ಟೇ ಸಾಮಗ್ರಿ. ನನಗೆ ಹೆಚ್ಚು ಇಷ್ಟವಾದದ್ದು ಚಾವಣಿಯ ಅಂಚನ್ನು ಹೊತ್ತು ನಿಂತ ಆಳುಗಳ ಕರಡು. ಚಿತ್ರದಲ್ಲಿ ಅವರು ಗಾರೆಯ ಗೊಂಬೆಗಳಂತೆ ಕಾಣಬೇಕು. ಅದಕ್ಕಾಗಿ ಅವನು ಬರೆದುಕೊಂಡದ್ದು ಉಸಿರಾಡುವ ಮನುಷ್ಯನ ಮೈಯನ್ನು. ಪಕ್ಕೆಲುಬಿನ ಏರಿಳಿತವನ್ನು ಮೊದಲು ಕಲಿತು, ಆಮೇಲೆ ಅದನ್ನು ಕಲ್ಲಾಗಿಸಿದ!

ಗಣಿತದ ಉತ್ತರ ಪತ್ರಿಕೆಯಲ್ಲಿ ರಫ್ ವರ್ಕಿಗೆ ಅಂಕವಿಲ್ಲ. ಆದರೂ ಹುಡುಗಿ ಎಲ್ಲಿ ತಡವರಿಸಿದಳು, ಎಲ್ಲಿ ದಾರಿ ಕಂಡಳು ಎಂಬುದು ನಮಗೆ ಗೊತ್ತಾಗುವುದು ಅಲ್ಲೇ.

ಕೊನೆಯ ಹಂತದಲ್ಲಿ ಹಾಳೆಗೆ ಹಾಳೆ ಅಂಟಿಸಿ, ಗೋಡೆಯ ಅಳತೆಗೇ ಚಿತ್ರ ಬರೆದು, ಗೆರೆಗಳನ್ನು ಗಾರೆಗೆ ಇಳಿಸುತ್ತಿದ್ದರು. ಕೆಲಸವಾದ ಮೇಲೆ ಇಂಥವು ಸಾಮಾನ್ಯವಾಗಿ ಹರಿದುಹೋಗುತ್ತಿದ್ದವು. ಇಲ್ಲಿಯ ಎರಡು ಉಳಿದು ಲಂಡನ್ನಿನ ನ್ಯಾಷನಲ್ ಗ್ಯಾಲರಿ ಸೇರಿವೆ. ಸುಮಾರು 4 ಮೀಟರ್ ಅಗಲ, 2 ಮೀಟರ್ ಎತ್ತರ. ಅವು ತಮ್ಮನವಲ್ಲ, ಅಣ್ಣ ಅಗೊಸ್ತಿನೊನವು. ಸಹೋದರರು ಜಗಳವಾಡಿ ಬೇರೆಯಾದರು. ಅಗೊಸ್ತಿನೊ 1602ರಲ್ಲಿ ತೀರಿಕೊಂಡ.

ಚಾವಣಿ ಮುಗಿದಾಗ ಅನ್ನಿಬಾಲೆಗೆ 500 ಸ್ಕೂಡಿ ನಾಣ್ಯಗಳನ್ನು ತಟ್ಟೆಯಲ್ಲಿಟ್ಟು ಕಳಿಸಿದರೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ವರ್ಷಗಟ್ಟಲೆ ಕತ್ತೆತ್ತಿ ದುಡಿದ ಕೆಲಸಕ್ಕೆ ಅದು ತೀರಾ ಅಲ್ಪವೆಂದು ಅವರ ಸಿಟ್ಟು. ಅರಮನೆಯಲ್ಲೇ ಊಟ, ವಸತಿ ಇತ್ತಲ್ಲ ಎಂದು ಕಾರ್ಡಿನಲ್ ಅಂದುಕೊಂಡಿದ್ದರೂ ಇರಬಹುದು. ಮನೆಯೊಳಗೆ ದುಡಿಯುವವರ ಲೆಕ್ಕ ಹಾಕುವ ಈ ಕ್ರಮ ನಮಗೇನೂ ಹೊಸದಲ್ಲ. ಕಣ್ಣಿಗೆ ಕಂಡದ್ದು ಚಾವಣಿ ಮಾತ್ರ. ಆ ಕಾಗದಗಳನ್ನು ಯಾರೂ ಎಣಿಸಲಿಲ್ಲ.

ಅವನನ್ನು ಖಿನ್ನತೆ ಕವಿಯಿತು. 1605ರ ನಂತರ ಕುಂಚ ಹಿಡಿದದ್ದೇ ಅಪರೂಪ. ಹಜಾರದ ಗೋಡೆಗಳ ಉಳಿದ ಕೆಲಸಕ್ಕೆ ಡೊಮೆನಿಕೀನೊ ಮೊದಲಾದ ಶಿಷ್ಯರು ಕೈಹಚ್ಚಿದರು. 1609ರಲ್ಲಿ, 49 ತುಂಬುವ ಮೊದಲೇ ಅವನು ತೀರಿಕೊಂಡ. ರೋಮಿನ ಪ್ಯಾಂಥಿಯನ್ನಿನಲ್ಲಿ ರಾಫೆಲನ ಸಮಾಧಿಯ ಹತ್ತಿರವೇ ಅವನನ್ನು ಮಣ್ಣು ಮಾಡಿದರು.