ಟಾಂಗಾ ಹುಡ್‌ನಿಂದ ಥಾರ್ ಟಾಪ್‌ವರೆಗೆ: ಒಂದು ತೇಪೆಯ ಇತಿಹಾಸ

ಥಾರ್ ನಿಮಗೆಲ್ಲ ಗೊತ್ತಿರೋ ಗಾಡಿ. 2020ರ ಅಕ್ಟೋಬರ್ 2ಕ್ಕೆ ಮಾರುಕಟ್ಟೆಗೆ ಬಂದ ಹೊಸ ಥಾರ್‌ನಲ್ಲಿ, ಮಡಚಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಟಾಪ್ ಇದ್ದ ಮಾಡೆಲ್ಲೂ ಇತ್ತು. ಅಂಥ ಟಾಪ್ ಮೇಲೆ ಒಂದು ಗೀರು ಬಿತ್ತು, ಮಡಿಕೆಯಲ್ಲಿ ಬಣ್ಣ ಹೋಯ್ತು ಅಂದ್ಕೊಳ್ಳಿ. ಇಡೀ ಟಾಪ್ ಬದಲಿಸಬೇಕಾ, ಅದನ್ನೇ ರಿಪೇರಿ ಮಾಡಬಹುದಾ?

ನಮ್ಮ ವಿಜಯಪುರಕ್ಕೆ ಇದು ಹಳೇ ಪ್ರಶ್ನೆ. ಗೋಳಗುಮ್ಮಟದ ಸುತ್ತ ಪ್ರವಾಸಿಗರನ್ನ ಕೂರಿಸಿಕೊಂಡು ಓಡಾಡೋ ಟಾಂಗಾಗಳಿಗೆ ಈ ಊರು ಹೆಸರುವಾಸಿ. ಟಾಂಗಾದವರಿಗೆ ಹುಡ್ ಅಂದ್ರೆ ಬರೀ ನೆರಳಲ್ಲ, ಅಂಗಡಿಯ ಬೋರ್ಡ್ ಇದ್ದಂಗೆ. ಹರಿದ ಹುಡ್ ನೋಡಿದ ಗಿರಾಕಿ ಪಕ್ಕದ ಗಾಡಿ ಹತ್ತಿಬಿಟ್ರೆ, ಹೋಗೋದು ಆವತ್ತಿನ ದುಡಿಮೆ.

ಈ ಬಟ್ಟೆ ಬಂದದ್ದೆಲ್ಲಿಂದ? 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಪದರ ಇಟ್ಟು, ನೀರು ಇಳಿಯದ ಬಟ್ಟೆಗೆ ಪೇಟೆಂಟ್ ಪಡೆದ. ಇವತ್ತಿನ ಒಳ್ಳೇ ಕಾರ್ ಟಾಪ್‌ಗಳಲ್ಲೂ ಮೂಲ ಉಪಾಯ ಅದೇ: ಮೇಲೆ ಅಕ್ರಿಲಿಕ್, ನಡುವೆ ರಬ್ಬರ್, ಒಳಗೆ ಇನ್ನೊಂದು ಬಟ್ಟೆ. ನಾವು ದಿನಾ ಹೇಳೋ ‘ರೆಕ್ಸಿನ್’ ಅನ್ನೋದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಊರಿನ ಕಂಪನಿಯ ಬ್ರ್ಯಾಂಡ್ ಹೆಸರು. ಬಟ್ಟೆಗೆ ಲೇಪ ಹಚ್ಚಿ, ಚರ್ಮದಂಥ ಗೆರೆ ಒತ್ತಿ ಮಾಡ್ತಿದ್ರು. ಆಮೇಲೆ 1947ರಲ್ಲಿ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪ್ ಜೋಡಿಸೋಕೆ ಶುರುಮಾಡ್ತು. ಜೀಪಿನ ಜೊತೆ ಕ್ಯಾನ್ವಾಸ್ ಹುಡ್ಡೂ ನಮ್ಮ ರಸ್ತೆಗಿಳೀತು.

ಇವಕ್ಕೆಲ್ಲ ಶತ್ರು ಒಬ್ಬನೇ: ಬಿಸಿಲು. ಬಬಲೇಶ್ವರ ಕಡೆಯ ನಿಡೋಣಿಯಲ್ಲಿ ರಾಶಿ ಮುಚ್ಚೋ ತಾಡಪತ್ರಿಯನ್ನೇ ನೋಡ್ರಿ. ಅದು ಮೊದಲು ಸೀಳೋದು ಮಡಿಕೆಯಲ್ಲಿ. ರೆಕ್ಸಿನ್ನೂ ಅಷ್ಟೇ. ಲೇಪವನ್ನ ಮೆತ್ತಗಿಡೋ ಅಂಶ ಬಿಸಿಲಿಗೆ ಹಾರಿಹೋಗುತ್ತೆ, ಮಡಚಿದಲ್ಲಿ ಬಿರುಕು ಬಿಡುತ್ತೆ. ಒದ್ದೆ ಟಾಪ್ ಮಡಚಿಟ್ರೆ ಬೂಷ್ಟು ಗ್ಯಾರಂಟಿ.

ರಿಪೇರಿಗೂ ಒಂದು ಲೆಕ್ಕ ಇದೆ. ಬರೀ ಬಣ್ಣ ಮಾಸಿದ್ರೆ, ಮೆತ್ತನೆ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ, ಆ ಬಟ್ಟೆಗೆ ಒಪ್ಪೋ ಬಣ್ಣ ಹಚ್ಚಿದ್ರೆ ಸಾಕು. ಬ್ಲೀಚ್ ಬೇಡವೇ ಬೇಡ, ಅದು ದಾರವನ್ನೇ ತಿನ್ನುತ್ತೆ. ಸಣ್ಣ ತೂತಾಗಿದ್ರೆ ತೇಪೆ ಒಳಗಿನಿಂದ. ತೇಪೆಯ ಮೂಲೆ ದುಂಡಗೆ ಕತ್ತರಿಸಬೇಕು, ಚೂಪು ಮೂಲೆ ಬೇಗ ಏಳುತ್ತೆ. ಹೊಲಿಗೆ ಬಿಚ್ಚಿದ್ರೆ ಹಳೇ ತೂತುಗಳಲ್ಲೇ ಸೂಜಿ ಹಾಯಿಸೋದು ಲೇಸು, ಹೊಸ ತೂತು ಹೆಚ್ಚಾದಷ್ಟೂ ಬಟ್ಟೆ ದುರ್ಬಲ. ಹತ್ತಿ ದಾರ ನೀರಲ್ಲಿ ಉಬ್ಬಿ ತೂತು ಮುಚ್ಚುತ್ತೆ, ಆದ್ರೆ ಬೇಗ ಕೊಳೆಯುತ್ತೆ. ಪಾಲಿಯೆಸ್ಟರ್ ದಾರ ಬಾಳಿಕೆ ಬರುತ್ತೆ, ಆದ್ರೆ ಹೊಲಿಗೆ ಮೇಲೆ ಮೇಣವೋ ಸೀಲರೋ ಬೇಕು. ಕೈಯಿಂದ ಎಳೆದ್ರೆ ಬಟ್ಟೆಯೇ ಹರಿಯೋದಾದ್ರೆ ಮಾತ್ರ ಹೊಸದು ಹಾಕಿಸಬೇಕು.

ಈ ಲೆಕ್ಕ ಬರೆದಿಟ್ಟ ಪುಸ್ತಕಕ್ಕಿಂತ ಕುಶನ್ ವರ್ಕ್ಸ್ ಅಂಗಡಿಗಳ ಕೈಯಲ್ಲಿ ಉಳಿದಿದೆ. ಜೀಪು, ಆಟೋ, ಟಾಂಗಾ ಅಂತ ಎಲ್ಲದರ ಹುಡ್ ಹೊಲಿದು ಕಲಿತ ಕೈ ಅದು. ಟಾಂಗಾ ಕಡಿಮೆಯಾದಂಗೆ, ಬಟ್ಟೆ ಹುಡ್‌ನ ಜೀಪು ಮೂಲೆ ಸೇರಿದಂಗೆ ಆ ಕೈಗೆ ಕೆಲಸವೂ ಕಡಿಮೆ. ಗೀರು ಬಿದ್ದ ಟಾಪ್ ಎಸೆದು ಹೊಸದು ಕೊಂಡ್ರೆ ನಮ್ಮ ದುಡ್ಡಷ್ಟೇ ಹೋಗಲ್ಲ, ಇನ್ನೊಬ್ಬರ ಕಸುಬೂ ಹೋಗುತ್ತೆ. ಹಾಗಾಗಿ ಮೊದಲು ಅವರಿಗೊಮ್ಮೆ ತೋರಿಸಿ. ಬಟ್ಟೆಯನ್ನ ಒಂದ್ಸಲ ಹಿಡಿದು ನೋಡಿ, ತೇಪೆ ಸಾಕಾ ಹೊಸದೇ ಬೇಕಾ ಅಂತ ಅವರೇ ಹೇಳ್ತಾರೆ.